ಕಣಜ ಹಲವು, ಪಟ್ಟಿ ಒಂದು: ಆಕಾಶದ ಡೇಟಾ ಹಂಚಿಕೊಳ್ಳುವ ವ್ಯವಸ್ಥೆ ಕಟ್ಟುವುದು ಹೇಗೆ

ಡಿಸೆಂಬರ್ ರಾತ್ರಿ ಶಿರಸಿಯ ಮನೆಯಂಗಳದಲ್ಲಿ ನಿಂತು ಒಂದು ಉಲ್ಕೆ ನೋಡಿದಿರಿ ಅಂದುಕೊಳ್ಳಿ. ಬೆಳಕಿನ ಗೆರೆಯೊಂದು ಮಿಂಚಿ ಮಾಯವಾಯಿತು. ಕ್ಯಾಮೆರಾದಲ್ಲೂ ಸಿಕ್ಕಿತು. ಅದು ಎಷ್ಟು ಎತ್ತರದಲ್ಲಿ ಉರಿಯಿತು? ಆ ಒಂದು ಚಿತ್ರ ಇಟ್ಟುಕೊಂಡು ಹೇಳಲು ಬರುವುದಿಲ್ಲ. ಅದೇ ಉಲ್ಕೆ ಕಾರವಾರದ ಇನ್ನೊಂದು ಕ್ಯಾಮೆರಾದಲ್ಲೂ ಸಿಕ್ಕಿದ್ದರೆ ಹೇಳಬಹುದು. ಶಿರಸಿಗೂ ಕಾರವಾರಕ್ಕೂ ನೇರ ದೂರ ಸುಮಾರು 80 ಕಿ.ಮೀ. ಉಲ್ಕೆಗಳು ಹೆಚ್ಚಾಗಿ ಉರಿಯುವುದು 80ರಿಂದ 120 ಕಿ.ಮೀ. ಎತ್ತರದಲ್ಲಿ. ಶಿರಸಿಯ ನೆತ್ತಿಯ ಮೇಲೆ 95 ಕಿ.ಮೀ. ಎತ್ತರದಲ್ಲಿ ಉರಿದದ್ದು ಕಾರವಾರದವರಿಗೆ ಪೂರ್ವದಲ್ಲಿ, ಸ್ವಲ್ಪ ಆಗ್ನೇಯಕ್ಕೆ, ದಿಗಂತದಿಂದ ಸುಮಾರು 50 ಡಿಗ್ರಿ ಮೇಲೆ ಕಾಣುತ್ತದೆ. ಎರಡು ಕೋನ, ಒಂದು ದೂರ. ಎತ್ತರ ಲೆಕ್ಕ ಹಾಕಲು ಹೈಸ್ಕೂಲಿನ ಗಣಿತ ಸಾಕು.

ನಮ್ಮ ಜಿಲ್ಲೆಯ ನೆಲವೇ ಈ ಕೆಲಸಕ್ಕೆ ಅಳತೆ ಮಾಡಿ ಇಟ್ಟ ಹಾಗಿದೆ. ಬೇಕಾಗಿರುವುದು ಎರಡು ಊರಿನವರ ಡೇಟಾ ಒಂದಕ್ಕೊಂದು ಹೊಂದುವುದು.

2023ರ ಡಿಸೆಂಬರ್‌ನಲ್ಲಿ ನಾವು ಪ್ರಯತ್ನ ಮಾಡಿದೆವು. ಅಮಾವಾಸ್ಯೆ ಕಳೆದು ಎರಡೇ ದಿನ, ಜೆಮಿನಿಡ್ ಉಲ್ಕಾಪಾತದ ರಾತ್ರಿ. ಶಿರಸಿ, ಸಿದ್ದಾಪುರ, ಕುಮಟಾ, ಅಂಕೋಲಾ, ಕಾರವಾರ ಅಂತ ಐದು ಕಡೆ ಐದು ಜನ ಕ್ಯಾಮೆರಾ ಇಟ್ಟು ಕೂತೆವು. ಎಲ್ಲರಿಗೂ ಒಳ್ಳೊಳ್ಳೆ ಚಿತ್ರ ಸಿಕ್ಕಿದವು. ಒಂದು ವಾರದ ಮೇಲೆ ಅವನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಉಲ್ಕೆಯ ಎತ್ತರವನ್ನೂ ಲೆಕ್ಕ ಹಾಕಲು ಆಗಲಿಲ್ಲ. ಒಂದು ಕ್ಯಾಮೆರಾದ ಗಡಿಯಾರ ನಾಲ್ಕು ನಿಮಿಷ ಮುಂದಿತ್ತು. ಇನ್ನೊಂದರಲ್ಲಿ ಬೆಳಿಗ್ಗೆಯ ಜಾಗದಲ್ಲಿ ಸಂಜೆ ಅಂತ ಇತ್ತು. ಕಾರವಾರದ ಚಿತ್ರಗಳು ಮೆಸೇಜ್ ಆ್ಯಪ್‌ನಲ್ಲಿ ಬಂದಿದ್ದವು. ಗಾತ್ರ ಕುಗ್ಗಿತ್ತು, ಸಮಯದ ಮಾಹಿತಿ ಅಳಿಸಿಹೋಗಿತ್ತು. ಕುಮಟೆಯ ಅಕ್ಕೋರು ಮಾತ್ರ ಪ್ರತಿ ಉಲ್ಕೆಯ ಸಮಯವನ್ನು ಪುಸ್ತಕದಲ್ಲಿ ಕೈಯಿಂದ ಬರೆದಿದ್ದರು. ಆ ರಾತ್ರಿಯ ಡೇಟಾದಲ್ಲಿ ಇವತ್ತಿಗೂ ಕೆಲಸಕ್ಕೆ ಬರುವುದು ಆ ಪುಸ್ತಕ ಒಂದೇ.

ಅಲ್ಲಿಂದ ಈಚೆಗೆ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಶಾಲೆ, ಕಾಲೇಜು, ಹವ್ಯಾಸಿ ಗುಂಪು, ಯಾರಾದರೂ ಸರಿ, ಬಾಹ್ಯಾಕಾಶದ ಡೇಟಾವನ್ನು ಸೇರಿ ಇಟ್ಟುಕೊಂಡು ಹಂಚಿಕೊಳ್ಳಬೇಕು ಎನ್ನುವವರಿಗೆ ಇದು. ಮೊದಲಿಗೇ ಒಂದು ಮಾತು. ಇಂಥ ಯೋಜನೆ ಅಂದ ಕೂಡಲೇ ಎಲ್ಲರೂ ಕಂಪ್ಯೂಟರ್, ಸರ್ವರ್, ವೆಬ್‌ಸೈಟ್ ಅಂತ ಶುರು ಮಾಡುತ್ತಾರೆ. ಅವು ಕೊನೆಗೆ ಬರಲಿ. ಮೊದಲು ಆಗಬೇಕಾದ್ದು ಜನರ ನಡುವಿನ ಒಪ್ಪಂದ.

ಯಾರ ಹತ್ತಿರ ಏನಿದೆ, ಕೇಳಿ ಬರೆದುಕೊಳ್ಳಿ

ಒಂದು ನೋಟ್‌ಬುಕ್ ಹಿಡಿದು ಎರಡು ವಾರ ತಿರುಗಿ. ಪ್ರತಿಯೊಬ್ಬರನ್ನೂ ನಾಲ್ಕು ವಿಷಯ ಕೇಳಿ. ನಿಮ್ಮ ಹತ್ತಿರ ಯಾವ ಡೇಟಾ ಇದೆ? ಯಾವ ವರ್ಷದಿಂದ ಇದೆ? ಈಗ ಅದು ಯಾವುದರಲ್ಲಿ ಇದೆ: ಫೋನು, ಪೆನ್‌ಡ್ರೈವ್, ಸಿ.ಡಿ., ಪುಸ್ತಕ? ಬೇರೆಯವರಿಗೆ ಕೊಡಲು ಮನಸ್ಸಿದೆಯಾ?

ಹಳಬರನ್ನು ಬಿಡಬೇಡಿ. 1980ರ ಫೆಬ್ರವರಿ 16ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಅರಬ್ಬಿ ಸಮುದ್ರ ದಾಟಿ ಭಾರತದ ನೆಲ ಮುಟ್ಟಿದ್ದು ನಮ್ಮ ಈ ಕರಾವಳಿಯಲ್ಲೇ. ಅಂಕೋಲಾ, ಕಾರವಾರದ ಕಡೆ ಹಾಡಹಗಲೇ ಕತ್ತಲಾಗಿತ್ತು. ಬಾಗಿಲು ಹಾಕಿ ಒಳಗೆ ಕೂತವರೂ ಇದ್ದರು, ಹೊರಗೆ ಬಂದು ನೋಡಿದವರೂ ಇದ್ದರು. ಅವತ್ತಿನ ಒಂದು ಫೋಟೋ, ಡೈರಿಯ ಒಂದು ಸಾಲು ಸಿಕ್ಕರೂ ಅದು ನಮ್ಮ ಕಣಜಕ್ಕೆ ಬರಬೇಕಾದ ಕಾಳು. ಆ ಫೋಟೋ, ಡೈರಿಯನ್ನು ಕೇಳಿ ತರಬೇಡಿ. ಅವರ ಮನೆಯಲ್ಲೇ ಕೂತು ಫೋಟೋ ತೆಗೆದುಕೊಂಡು ಬನ್ನಿ.

ಒಂದು ಪ್ರಶ್ನೆ ಆರಿಸಿಕೊಳ್ಳಿ

ಪಟ್ಟಿ ಮಾಡಿದ ಮೇಲೆ ಆಸೆ ದೊಡ್ಡದಾಗುತ್ತದೆ. ಸೂರ್ಯನ ಕಲೆ, ಬದಲಾಗುವ ನಕ್ಷತ್ರಗಳು, ಉಲ್ಕೆ, ಗ್ರಹಣ, ಉಪಗ್ರಹದಿಂದ ಕಾಣುವ ಸಮುದ್ರದ ಬಣ್ಣ, ಎಲ್ಲ ಬೇಕು ಅನ್ನಿಸುತ್ತದೆ. ಮೊದಲ ವರ್ಷ ಒಂದೇ ಸಾಕು. ಆ ಒಂದನ್ನು ಆರಿಸುವಾಗ, ಒಬ್ಬರಿಂದ ಆಗದ, ಇಬ್ಬರು ಸೇರಿದರೆ ಮಾತ್ರ ಆಗುವ ಕೆಲಸ ಆರಿಸಿ. ಆಗ ಹಂಚಿಕೊಳ್ಳಿ ಅಂತ ಯಾರಿಗೂ ಒತ್ತಾಯ ಮಾಡಬೇಕಿಲ್ಲ. ನಾವು ಉಲ್ಕೆಯ ಎತ್ತರ ಆರಿಸಿದ್ದು ಇದೇ ಕಾರಣಕ್ಕೆ.

ಚೀಟಿ ಇಲ್ಲದ ಚೀಲ ಯಾರಿಗೂ ಬೇಡ

ಇಡೀ ಯೋಜನೆಯ ಜೀವ ಇರುವುದು ಇಲ್ಲಿ. ಇದಕ್ಕೆ ಒಂದು ಪೂರ್ತಿ ಭಾನುವಾರ ಕೊಡಿ.

ಶಿರಸಿಯ ಅಡಿಕೆ ವಖಾರಿಗೆ ಹೋದವರಿಗೆ ಗೊತ್ತು. ಗೋಣಿಚೀಲ ಎಲ್ಲವೂ ಒಂದೇ ಥರ. ಒಳಗಿರುವುದು ರಾಶಿಯೋ, ಬೆಟ್ಟೆಯೋ, ಚಾಲಿಯೋ, ಯಾರದ್ದು, ಎಷ್ಟು ತೂಕ ಅಂತ ಹೇಳುವುದು ಚೀಟಿ. ಚೀಟಿ ಕಳೆದರೆ ಅಡಿಕೆ ಎಷ್ಟೇ ಚೆನ್ನಾಗಿರಲಿ, ಅದಕ್ಕೆ ದಿಕ್ಕಿಲ್ಲ. ಡೇಟಾಕ್ಕೂ ಹಾಗೇ. ಚಿತ್ರದ ಜೊತೆ ಅದರ ಚೀಟಿಯೂ ಇರಬೇಕು. ಇದಕ್ಕೆ ಮೆಟಾಡೇಟಾ ಅನ್ನುತ್ತಾರೆ.

ಖಗೋಳ ವಿಜ್ಞಾನಿಗಳು ಇದನ್ನು ಬಹಳ ಹಿಂದೆಯೇ ಕಂಡುಕೊಂಡರು. 1981ರಲ್ಲಿ ಫಿಟ್ಸ್ ಎಂಬ ಫೈಲ್ ರೂಪ ಬಂತು. ಅದರಲ್ಲಿ ಚಿತ್ರದ ತಲೆಯ ಮೇಲೇ ಚೀಟಿ ಅಂಟಿಕೊಂಡಿರುತ್ತದೆ. 80 ಅಕ್ಷರದ ಒಂದೊಂದು ಸಾಲು, ಯಾರು ಬೇಕಾದರೂ ಓದಬಹುದಾದ ಸರಳ ಬರಹ. ಹಳೆಯ ಫಿಟ್ಸ್ ಫೈಲುಗಳನ್ನು ಇವತ್ತಿನ ತಂತ್ರಾಂಶ ಈಗಲೂ ತೆರೆಯುತ್ತದೆ. ಇದರ ಬಾಳಿಕೆ ನೋಡಿ ವ್ಯಾಟಿಕನ್ ಗ್ರಂಥಾಲಯದವರು ತಮ್ಮ ಹಳೆಯ ಹಸ್ತಪ್ರತಿಗಳ ಚಿತ್ರಗಳನ್ನೂ ಫಿಟ್ಸ್‌ನಲ್ಲೇ ಇಡುತ್ತಿದ್ದಾರೆ.

ನಿಮ್ಮ ಚೀಟಿಯಲ್ಲಿ ಏನೇನು ಇರಬೇಕು? ಯಾರು ತೆಗೆದದ್ದು. ಎಲ್ಲಿಂದ, ಅಕ್ಷಾಂಶ ರೇಖಾಂಶದ ಜೊತೆ ಸಮುದ್ರಮಟ್ಟದಿಂದ ಎತ್ತರವೂ ಬೇಕು. ಕಾರವಾರದ ಕಡಲ ದಂಡೆಗೂ ಸುಮಾರು 600 ಮೀಟರ್ ಎತ್ತರದ ಶಿರಸಿಗೂ ಲೆಕ್ಕದಲ್ಲಿ ವ್ಯತ್ಯಾಸ ಬರುತ್ತದೆ. ಯಾವಾಗ, ಸೆಕೆಂಡಿನ ತನಕ. ಯಾವ ಕ್ಯಾಮೆರಾ, ಯಾವ ಲೆನ್ಸ್, ಎಷ್ಟು ಸೆಕೆಂಡ್ ಎಕ್ಸ್‌ಪೋಶರ್. ಯಾವ ದಿಕ್ಕಿಗೆ ಮುಖ. ಆಕಾಶ ಹೇಗಿತ್ತು. ಕೊನೆಗೆ ಇನ್ನೊಂದು ಸಾಲು: ಏನು ತಪ್ಪಾಯಿತು. ಈ ಕೊನೆಯ ಸಾಲನ್ನು ದಯವಿಟ್ಟು ಬಿಡಬೇಡಿ. ‘ಎರಡು ಗಂಟೆಗೆ ಲೆನ್ಸ್ ಮೇಲೆ ಇಬ್ಬನಿ ಕೂತಿತ್ತು’ ಅಂತ ಬರೆದಿದ್ದರೆ ಮುಂದೆ ಆ ಚಿತ್ರ ನೋಡುವವರು ನಕ್ಷತ್ರ ಮಂಕಾಯಿತು ಅಂತ ತಪ್ಪು ತಿಳಿಯುವುದಿಲ್ಲ.

ಸಮಯದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಎಲ್ಲರೂ ಯುಟಿಸಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಸಮಯ ಬರೆಯಿರಿ. ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆದರೆ ಯುಟಿಸಿ. ಡಿಸೆಂಬರ್ 14ರ ಬೆಳಗಿನ ಜಾವ 2 ಗಂಟೆ ಅಂದರೆ ಯುಟಿಸಿಯಲ್ಲಿ ಡಿಸೆಂಬರ್ 13ರ 20:30. ಮೊದಮೊದಲು ಗಲಿಬಿಲಿ ಆಗುತ್ತದೆ. ಆದರೆ ಇದರಲ್ಲಿ ನಮಗೆ ಒಂದು ಅನುಕೂಲ ಇದೆ. ನಮ್ಮ ರಾತ್ರಿಯ ಮಧ್ಯದಲ್ಲಿ ತಾರೀಕು ಬದಲಾಗುವುದಿಲ್ಲ, ಬೆಳಿಗ್ಗೆ ಐದೂವರೆಗೆ ಬದಲಾಗುತ್ತದೆ. ಹೆಚ್ಚುಕಡಿಮೆ ಇಡೀ ರಾತ್ರಿ ಒಂದೇ ತಾರೀಕಿನಲ್ಲಿ ಇರುತ್ತದೆ. ಮಧ್ಯರಾತ್ರಿಯ ಹಿಂದೋ ಮುಂದೋ ಅನ್ನುವ ಜಗಳವೇ ಇಲ್ಲ.

ಕ್ಯಾಮೆರಾದ ಗಡಿಯಾರವನ್ನು ನಂಬಬೇಡಿ. ಅದು ದಿನದಿಂದ ದಿನಕ್ಕೆ ಹಿಂದೆಮುಂದೆ ಆಗುತ್ತದೆ. ಅದಕ್ಕೊಂದು ಸುಲಭ ಉಪಾಯ ಇದೆ. ರಾತ್ರಿ ಶುರು ಮಾಡುವಾಗ ಫೋನಿನಲ್ಲಿ ಸೆಕೆಂಡ್ ತೋರಿಸುವ ಗಡಿಯಾರ ತೆರೆದು, ಅದೇ ಕ್ಯಾಮೆರಾದಿಂದ ಅದರ ಫೋಟೋ ತೆಗೆಯಿರಿ. ಬೆಳಿಗ್ಗೆ ಮುಗಿಸುವಾಗ ಇನ್ನೊಂದು. ಕ್ಯಾಮೆರಾ ಎಷ್ಟು ತಪ್ಪಿದೆ ಅಂತ ಆ ಎರಡು ಚಿತ್ರ ಹೇಳುತ್ತವೆ. 2023ರಲ್ಲಿ ನಾವು ಇದಿಷ್ಟು ಮಾಡಿದ್ದರೂ ಅರ್ಧ ಡೇಟಾ ಉಳಿಯುತ್ತಿತ್ತು.

ಅಳತೆಯ ಮಾನವನ್ನೂ ಬರೆಯಿರಿ. ಬರೀ 30 ಅಂದರೆ ಏನು, ಸೆಕೆಂಡೋ ಡಿಗ್ರಿಯೋ? ಇದು ಸಣ್ಣ ವಿಷಯ ಅಲ್ಲ. 1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳದ ಹತ್ತಿರ ಕಳೆದುಹೋಯಿತು. ಒಂದು ಗುಂಪಿನ ತಂತ್ರಾಂಶ ತಳ್ಳುವ ಬಲವನ್ನು ಪೌಂಡ್ ಲೆಕ್ಕದಲ್ಲಿ ಕೊಟ್ಟಿತ್ತು, ಇನ್ನೊಂದು ಗುಂಪು ಅದನ್ನು ನ್ಯೂಟನ್ ಅಂತ ಓದಿತ್ತು. ಎರಡೂ ಕಡೆ ಬುದ್ಧಿವಂತರೇ ಇದ್ದರು. ನಡುವಿನ ಚೀಟಿ ಸರಿ ಇರಲಿಲ್ಲ.

ಫೈಲಿಗೆ ಹೆಸರು

ತಾರೀಕು ಮೊದಲು, ಆಮೇಲೆ ಊರು, ಆಮೇಲೆ ಸಾಧನ, ಕೊನೆಗೆ ಕ್ರಮಸಂಖ್ಯೆ. ತಾರೀಕನ್ನು ವರ್ಷ, ತಿಂಗಳು, ದಿನ ಈ ಕ್ರಮದಲ್ಲೇ ಬರೆಯಿರಿ. 20261213-sirsi-camera2-0043, ಹೀಗೆ. ಆಗ ಕಂಪ್ಯೂಟರ್ ತಾನೇ ಸಾಲಾಗಿ ಜೋಡಿಸುತ್ತದೆ. ನಡುವೆ ಖಾಲಿ ಜಾಗ ಬೇಡ. ಕೆಲವು ಹಳೆಯ ತಂತ್ರಾಂಶಕ್ಕೆ ಕನ್ನಡ ಅಕ್ಷರದ ಫೈಲ್ ಹೆಸರು ತೆರೆಯಲು ಬರುವುದಿಲ್ಲ. ಅದಕ್ಕೆ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಇಡಿ, ಚೀಟಿಯನ್ನು ಕನ್ನಡದಲ್ಲೇ ಬರೆಯಿರಿ. ‘ಫೈನಲ್’, ‘ಹೊಸ ಫೈನಲ್’ ಅಂತೆಲ್ಲ ಹೆಸರಿಡುವ ಅಭ್ಯಾಸವನ್ನು ಮೊದಲ ದಿನವೇ ಬಿಟ್ಟುಬಿಡಿ.

ಹಸಿ ಅಡಿಕೆ ಹಸಿಯಾಗೇ ಇರಲಿ

ಬೇಯಿಸಿ ಕೆಂಪಡಿಕೆ ಮಾಡಿದ್ದನ್ನು ಮತ್ತೆ ಹಸಿ ಅಡಿಕೆ ಮಾಡಲು ಆಗುವುದಿಲ್ಲ. ಚಿತ್ರವನ್ನು ಬೆಳಗಿಸಿ, ಕತ್ತರಿಸಿ, ಬಣ್ಣ ತಿದ್ದಿ ಉಳಿಸಿದ ಮೇಲೂ ಹಾಗೇ. ಕ್ಯಾಮೆರಾದಿಂದ ಬಂದ ಮೂಲ ಫೈಲನ್ನು ಯಾರೂ ಮುಟ್ಟಬಾರದು. ಅದನ್ನು ಓದಬಹುದು, ತಿದ್ದಿ ಬರೆಯಬಾರದು. ಕೆಲಸ ಏನಿದ್ದರೂ ಪ್ರತಿಯ ಮೇಲೆ.

ಇಸ್ರೊ ಇದನ್ನು ಮಟ್ಟಗಳಾಗಿ ಇಟ್ಟಿದೆ. ಆಸ್ಟ್ರೋಸ್ಯಾಟ್ ದೂರದರ್ಶಕದ ಡೇಟಾ ಲೆವೆಲ್ 0, 1, 2 ಅಂತ ಸಾಗುತ್ತದೆ. ನೌಕೆಯಿಂದ ಬಂದ ಹಾಗೇ ಇರುವುದು ಸೊನ್ನೆ. ಜೋಡಿಸಿ ಸರಿಪಡಿಸಿದ್ದು ಒಂದು. ವಿಜ್ಞಾನಿ ನೇರವಾಗಿ ಬಳಸುವುದು ಎರಡು. ನಾವೂ ಮೂರು ಫೋಲ್ಡರ್ ಮಾಡಿಕೊಂಡೆವು: ಹಸಿ, ಹದ, ಫಲ. ಹಸಿಯಲ್ಲಿ ಕ್ಯಾಮೆರಾದ ಮೂಲ ಫೈಲ್, ಹದದಲ್ಲಿ ಗಡಿಯಾರದ ತಪ್ಪು ಸರಿಮಾಡಿದ್ದು, ಫಲದಲ್ಲಿ ಲೆಕ್ಕ ಹಾಕಿದ ಎತ್ತರ, ವೇಗ. ಹದದಿಂದ ಫಲಕ್ಕೆ ಹೋಗುವಾಗ ಏನು ಮಾಡಿದೆವು ಅಂತ ನಾಲ್ಕು ಸಾಲಿನ ಟಿಪ್ಪಣಿ ಕಡ್ಡಾಯ.

ಮೂಲ ಉಳಿಸಿದ್ದರಿಂದ ಏನಾಗುತ್ತದೆ ಅನ್ನುವುದಕ್ಕೆ ಓಝೋನ್ ಕಥೆ ನೆನಪಿಡಿ. 1985ರಲ್ಲಿ ಅಂಟಾರ್ಕ್ಟಿಕಾದ ಹ್ಯಾಲಿ ಬೇ ನಿಲ್ದಾಣದ ಬ್ರಿಟಿಷ್ ವಿಜ್ಞಾನಿಗಳು ಓಝೋನ್ ಪದರ ತೆಳುವಾಗಿದೆ ಅಂತ ಪ್ರಕಟಿಸಿದರು. ನಾಸಾದ ನಿಂಬಸ್ 7 ಉಪಗ್ರಹವೂ ಆ ಕಡಿಮೆ ಅಂಕಿಗಳನ್ನು ಅಳೆದಿತ್ತು. ಆದರೆ ಅಷ್ಟು ಕಡಿಮೆ ಇರಲಾರದು ಅಂತ ಅದರ ಲೆಕ್ಕದ ಕ್ರಮ ಅವನ್ನು ಅನುಮಾನದ ಗುರುತು ಹಾಕಿ ಬದಿಗಿಟ್ಟಿತ್ತು. ಅಳಿಸಿರಲಿಲ್ಲ. ಹಾಗಾಗಿ ಮತ್ತೆ ತೆಗೆದು ನೋಡಿದಾಗ ಆ ರಂಧ್ರ ಹಿಂದಿನ ವರ್ಷಗಳಿಂದಲೂ ಇದ್ದದ್ದು ಗೊತ್ತಾಯಿತು. ವಿಚಿತ್ರ ಅಂಕಿ ಕಂಡರೆ ಗುರುತು ಹಾಕಿ, ತೆಗೆಯಬೇಡಿ.

ಒಂದೇ ಕಣಜ ಬೇಕಿಲ್ಲ, ಒಂದೇ ಪಟ್ಟಿ ಬೇಕು

ಏಕೀಕೃತ ವ್ಯವಸ್ಥೆ ಅಂದಾಗ ಎಲ್ಲರ ಡೇಟಾ ಒಂದೇ ಕಡೆ ಸುರಿಯುವುದು ಅಂತ ನಾವೂ ಮೊದಲು ಅಂದುಕೊಂಡಿದ್ದೆವು. ಲೆಕ್ಕ ಹಾಕಿ ನೋಡಿದಾಗ ಅದು ಆಗುವ ಕೆಲಸ ಅಲ್ಲ ಅಂತ ತಿಳಿಯಿತು.

24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಮೂಲ ಫೈಲ್ ಸುಮಾರು 25 ಎಂಬಿ. 30 ಸೆಕೆಂಡಿಗೆ ಒಂದು ಚಿತ್ರದಂತೆ ಗಂಟೆಗೆ 120. ಹತ್ತು ಗಂಟೆಯ ರಾತ್ರಿಗೆ 1200 ಚಿತ್ರ, 30 ಜಿಬಿ. ಐದು ಊರು, ಇಪ್ಪತ್ತು ರಾತ್ರಿ ಅಂದರೆ 3000 ಜಿಬಿ. ಸೆಕೆಂಡಿಗೆ 10 ಮೆಗಾಬಿಟ್ ವೇಗದಲ್ಲಿ ಒಂದು ರಾತ್ರಿಯ ಡೇಟಾ ಕಳಿಸಲು ಆರೂವರೆ ಗಂಟೆಗಿಂತ ಹೆಚ್ಚು ಬೇಕು, ಅದೂ ನಡುವೆ ಕರೆಂಟು ಹೋಗದಿದ್ದರೆ. ಸಿದ್ದಾಪುರದ ಒಳಗಿನ ಹಳ್ಳಿಯಲ್ಲಿ, ಯಲ್ಲಾಪುರದ ಕಾಡಂಚಿನಲ್ಲಿ ನೆಟ್‌ವರ್ಕ್ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಒಳ್ಳೆಯ ಕತ್ತಲ ಆಕಾಶ ಇರುವುದೂ ಅಲ್ಲೇ ಅಲ್ವಾ?

ಅದಕ್ಕೆ ಡೇಟಾ ಹುಟ್ಟಿದ ಊರಲ್ಲೇ ಇರಲಿ. ಚೀಟಿಗಳು ಮಾತ್ರ ಒಂದು ಕಡೆ ಸೇರಲಿ. ಒಂದು ರಾತ್ರಿಯ 1200 ಚೀಟಿಯ ಗಾತ್ರ ಒಂದು ಫೋಟೋದಷ್ಟೂ ಇರುವುದಿಲ್ಲ. ಅದನ್ನು ಎಂಥ ನೆಟ್‌ವರ್ಕಿನಲ್ಲೂ ಕಳಿಸಬಹುದು. ಎಲ್ಲರ ಚೀಟಿ ಸೇರಿದ ಆ ಪಟ್ಟಿಯೇ ನಿಮ್ಮ ವ್ಯವಸ್ಥೆಯ ಬೆನ್ನೆಲುಬು. ‘ಡಿಸೆಂಬರ್ 13, ಯುಟಿಸಿ 20:10ರಿಂದ 20:20, ಯಾರ್ಯಾರ ಹತ್ತಿರ ಚಿತ್ರ ಇದೆ?’ ಅಂತ ಹುಡುಕಿದರೆ ಉತ್ತರ ಸಿಗಬೇಕು. ಬೇಕಾದ ಹತ್ತು ಫೈಲನ್ನು ಮಾತ್ರ ತರಿಸಿಕೊಂಡರಾಯಿತು.

ದೊಡ್ಡವರೂ ಮಾಡುವುದು ಇದನ್ನೇ. ನಾಸಾದ ಗ್ರಹಗಳ ಡೇಟಾ ವ್ಯವಸ್ಥೆ ಒಂದೇ ಕಟ್ಟಡದಲ್ಲಿಲ್ಲ. ನೆಲದ ವಿಷಯ ಸೇಂಟ್ ಲೂಯಿಯ ವಿಶ್ವವಿದ್ಯಾಲಯದಲ್ಲಿ, ಧೂಮಕೇತು, ಕ್ಷುದ್ರಗ್ರಹದ ವಿಷಯ ಮೇರಿಲ್ಯಾಂಡಿನಲ್ಲಿ, ಹೀಗೆ ಹಂಚಿಹೋಗಿದೆ. ನಿಯಮ ಒಂದೇ. 2002ರಲ್ಲಿ ಹಲವು ದೇಶಗಳ ಖಗೋಳ ವಿಜ್ಞಾನಿಗಳು ಸೇರಿ, ಬೇರೆ ಬೇರೆ ಕಡೆಯ ಡೇಟಾವನ್ನು ಒಟ್ಟಿಗೆ ಹುಡುಕಲು ಆಗುವ ಹಾಗೆ ವರ್ಚುವಲ್ ಅಬ್ಸರ್ವೇಟರಿ ಒಕ್ಕೂಟ ಕಟ್ಟಿದ್ದೂ ಇದೇ ದಾರಿಯಲ್ಲಿ. ಪುಣೆಯ ಐಯುಕಾ ಸಂಸ್ಥೆ ಭಾರತದ ಕಡೆಯಿಂದ ಅದರಲ್ಲಿ ಕೆಲಸ ಮಾಡಿದೆ.

ಪಟ್ಟಿ ಇಡಲು ಮೊದಲ ವರ್ಷ ಒಂದು ಸ್ಪ್ರೆಡ್‌ಶೀಟ್ ಸಾಕು. ಎಲ್ಲರೂ ಒಂದೇ ಕಾಲಂ, ಒಂದೇ ಕ್ರಮ. ಊರಿನ ಹೆಸರನ್ನು ಒಬ್ಬರು ಶಿರಸಿ, ಇನ್ನೊಬ್ಬರು ಸಿರ್ಸಿ ಅಂತ ಬರೆದರೆ ಹುಡುಕುವಾಗ ಅರ್ಧ ಸಿಗುವುದಿಲ್ಲ. ಒಪ್ಪಿದ ಹೆಸರುಗಳ ಒಂದು ಹಾಳೆ ಮಾಡಿ ಎಲ್ಲರ ಮೇಜಿನ ಮೇಲೆ ಅಂಟಿಸಿ. ಪ್ರತಿ ತಿಂಗಳು ಪಟ್ಟಿಯನ್ನು ಸಿಎಸ್‌ವಿ ರೂಪದಲ್ಲೂ ಉಳಿಸಿಡಿ. ಅದು ಸರಳ ಅಕ್ಷರದ ಫೈಲ್, ಯಾವ ಕಂಪ್ಯೂಟರಿನಲ್ಲೂ ತೆರೆಯುತ್ತದೆ. ಪಟ್ಟಿ ನೋಡಿಕೊಳ್ಳಲು ಒಬ್ಬರನ್ನು ನೇಮಿಸಿ, ಅವರಿಗೆ ಇನ್ನೊಬ್ಬರನ್ನು ಜೋಡಿ ಮಾಡಿ. ಒಬ್ಬರಿಗೇ ಎಲ್ಲ ಗೊತ್ತಿದ್ದು, ಅವರಿಗೆ ವರ್ಗವಾದರೆ ಅಲ್ಲಿಗೆ ಕಥೆ ಮುಗಿಯಿತು.

ದೊಡ್ಡ ಫೈಲು ಸಾಗಿಸಬೇಕಾದರೆ ಹಾರ್ಡ್ ಡಿಸ್ಕನ್ನು ಬಸ್ಸಿನಲ್ಲಿ ಕಳಿಸಿ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗುವ ಬಸ್ಸು ನಮ್ಮ ಎಲ್ಲ ನೆಟ್‌ವರ್ಕಿಗಿಂತ ವೇಗ. ಇದು ಬಡವರ ದಾರಿ ಅಂತ ತಿಳಿಯಬೇಡಿ. 2019ರ ಏಪ್ರಿಲ್ 10ರಂದು ಕಪ್ಪುಕುಳಿಯ ಮೊದಲ ಚಿತ್ರ ಬಂತಲ್ಲ, ಅದರ ಡೇಟಾ ಇಂಟರ್ನೆಟ್‌ನಲ್ಲಿ ಹೋಗಲಿಲ್ಲ. ಬೇರೆ ಬೇರೆ ಖಂಡಗಳ ದೂರದರ್ಶಕಗಳಿಂದ ಹಾರ್ಡ್ ಡಿಸ್ಕುಗಳು ವಿಮಾನದಲ್ಲಿ ಹೋದವು. ದಕ್ಷಿಣ ಧ್ರುವದ ಡಿಸ್ಕುಗಳಿಗಾಗಿ ಅಲ್ಲಿನ ಚಳಿಗಾಲ ಮುಗಿಯುವ ತನಕ ತಿಂಗಳುಗಟ್ಟಲೆ ಕಾದಿದ್ದರು.

ಮಳೆ, ಬೂಷ್ಟು, ಉಪ್ಪುಗಾಳಿ

ಪ್ರತಿ ಫೈಲಿಗೂ ಮೂರು ಪ್ರತಿ ಇರಲಿ. ಅವು ಎರಡು ಬೇರೆ ಬೇರೆ ಡಿಸ್ಕಿನಲ್ಲಾದರೂ ಇರಲಿ, ಒಂದು ಬೇರೆ ಊರಲ್ಲಿ ಇರಲಿ. ಘಟ್ಟದ ಮೇಲಿನವರ ಪ್ರತಿ ಕರಾವಳಿಯಲ್ಲಿ, ಕರಾವಳಿಯವರದ್ದು ಘಟ್ಟದ ಮೇಲೆ. ಹೀಗೆ ಅದಲುಬದಲು ಮಾಡಿಕೊಂಡರೆ ಒಂದು ಕಡೆ ನೀರು ನುಗ್ಗಿದರೂ, ಸಿಡಿಲಿಗೆ ಕಂಪ್ಯೂಟರ್ ಸುಟ್ಟರೂ ಡೇಟಾ ಉಳಿಯುತ್ತದೆ. ಗುಡುಗು ಶುರುವಾದ ಕೂಡಲೇ ಪ್ಲಗ್ ತೆಗೆಯಿರಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ನಮಗೆ ನಕ್ಷತ್ರ ಕಾಣುವುದು ಅಪರೂಪ. ಆ ನಾಲ್ಕು ತಿಂಗಳೇ ಚೀಟಿ ಸರಿಮಾಡುವ, ಪಟ್ಟಿ ತಿದ್ದುವ ಕಾಲ. ಸಾಧನಗಳ ವೈರಿಯೂ ಅದೇ ಕಾಲ. ಶಿರಸಿಯಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ, ಕಾರವಾರದಲ್ಲಿ ಉಪ್ಪುಗಾಳಿಗೆ ಕನೆಕ್ಟರ್ ತುಕ್ಕು ಹಿಡಿಯುತ್ತದೆ. ಡಿಸ್ಕು, ಲೆನ್ಸನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬಣ್ಣ ಬದಲಾಗುವ ಜೆಲ್ ತಂದರೆ ಯಾವಾಗ ಒಣಗಿಸಬೇಕು ಅಂತ ಗೊತ್ತಾಗುತ್ತದೆ.

ಫೈಲ್ ಒಳಗೊಳಗೇ ಕೆಟ್ಟಿದೆಯೋ ಇಲ್ಲವೋ ತಿಳಿಯಲು ಚೆಕ್‌ಸಮ್ ಇಡಿ. ಇದು ಫೈಲಿನ ಹೆಬ್ಬೆಟ್ಟಿನ ಗುರುತಿದ್ದ ಹಾಗೆ. ಶಾ-256 ಎಂಬ ಕ್ರಮ ಯಾವ ಫೈಲಿಗಾದರೂ 64 ಅಕ್ಷರದ ಒಂದು ಸಾಲು ಕೊಡುತ್ತದೆ. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಾಲು ಪೂರ್ತಿ ಬೇರೆ ಆಗುತ್ತದೆ. ಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಕೊಡಿ. ವಿಂಡೋಸ್, ಲಿನಕ್ಸ್ ಎರಡರಲ್ಲೂ ಇದಕ್ಕೆ ಬೇಕಾದ ಆಜ್ಞೆ ಮೊದಲೇ ಇರುತ್ತದೆ, ಕಾಸು ಖರ್ಚಿಲ್ಲ.

ಜಾಗ ಸಾಲದು ಅಂತ ಹಳೆಯದನ್ನು ಅಳಿಸುವ ಮೊದಲು ಎರಡು ಸಲ ಯೋಚಿಸಿ. ಅಪೊಲೊ 11ರ ಚಂದ್ರನಡಿಗೆಯನ್ನು ನೇರವಾಗಿ ದಾಖಲಿಸಿದ ಮೂಲ ಟೇಪುಗಳನ್ನು ನಾಸಾ ವರ್ಷಗಟ್ಟಲೆ ಹುಡುಕಿತು. ಅವನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿರಬೇಕು ಅಂತ 2009ರಲ್ಲಿ ತೀರ್ಮಾನಕ್ಕೆ ಬಂತು.

ಯಾರದ್ದು, ಯಾರಿಗೆ, ಯಾವಾಗ

ಸ್ನೇಹ ಇರುವಾಗಲೇ ಇದನ್ನು ಕಾಗದದ ಮೇಲೆ ಬರೆದುಬಿಡಿ. ತೆಗೆದವರ ಹೆಸರು ಯಾವತ್ತೂ ಡೇಟಾದ ಜೊತೆ ಹೋಗಬೇಕು. ಬಳಸಿದವರು ಹೆಸರು ಹೇಳಬೇಕು. ರಾತ್ರಿಯಿಡೀ ಚಳಿಯಲ್ಲಿ ಕೂತವರಿಗೆ ಮೊದಲು ನೋಡುವ ಹಕ್ಕು ಇರುವುದು ನ್ಯಾಯ. ಜೇಮ್ಸ್ ವೆಬ್ ದೂರದರ್ಶಕದಲ್ಲೂ ಸಾಮಾನ್ಯವಾಗಿ 12 ತಿಂಗಳು ಡೇಟಾ ಕೇಳಿದ ವಿಜ್ಞಾನಿಗೆ ಮೀಸಲು, ಆಮೇಲೆ ಎಲ್ಲರಿಗೂ. ನಾವು ಮೂರು ತಿಂಗಳು ಅಂತ ಇಟ್ಟುಕೊಂಡಿದ್ದೇವೆ. ಅದಕ್ಕಿಂತ ಜಾಸ್ತಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಮುಚ್ಚಿಟ್ಟ ಡೇಟಾದ ತಪ್ಪನ್ನು ಯಾರೂ ಹಿಡಿಯಲಾರರು.

ತೆರೆದಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಚೆನ್ನೈನ ಷಣ್ಮುಗ ಸುಬ್ರಮಣಿಯನ್ ಅವರೇ ಸಾಕ್ಷಿ. 2019ರ ಸೆಪ್ಟೆಂಬರ್‌ನಲ್ಲಿ ಚಂದ್ರಯಾನ 2ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಬಿತ್ತು. ನಾಸಾದ ಚಂದ್ರನೌಕೆ ತೆಗೆದ ಆ ಜಾಗದ ಚಿತ್ರವನ್ನು ಎಲ್ಲರಿಗೂ ಬಿಟ್ಟರು. ಈ ಎಂಜಿನಿಯರ್ ತಮ್ಮ ಬಿಡುವಿನ ವೇಳೆಯಲ್ಲಿ ಹಳೆಯ ಚಿತ್ರ, ಹೊಸ ಚಿತ್ರ ಅಕ್ಕಪಕ್ಕ ಇಟ್ಟು ಚುಕ್ಕೆ ಚುಕ್ಕೆ ಹೋಲಿಸಿ ಒಂದು ಚೂರನ್ನು ಗುರುತಿಸಿದರು. ನಾಸಾ ಅದನ್ನು ಪರಿಶೀಲಿಸಿ ಡಿಸೆಂಬರ್ 2ರಂದು ಅವರ ಹೆಸರು ಹೇಳಿಯೇ ಪ್ರಕಟಿಸಿತು.

ನಮ್ಮ ಕರಾವಳಿಗೆ ಸೇರಿದ ಒಂದು ಎಚ್ಚರಿಕೆಯೂ ಇದೆ. ಕಾರವಾರದಲ್ಲಿ ನೌಕಾನೆಲೆ ಇದೆ, ಹತ್ತಿರ ಕೈಗಾ ಅಣುಸ್ಥಾವರ ಇದೆ. ನಿಷೇಧದ ಫಲಕ ಇರುವಲ್ಲಿ ಕ್ಯಾಮೆರಾ ಇಡಬೇಡಿ. ಕ್ಯಾಮೆರಾ ಮೇಲಕ್ಕೆ ನೋಡಲಿ, ದಂಡೆಯ ಕಡೆ ಅಲ್ಲ. ಸಂಶಯ ಇದ್ದರೆ ಮೊದಲೇ ಪೊಲೀಸ್ ಠಾಣೆಯಲ್ಲಿ ಕೇಳಿಕೊಳ್ಳಿ. ಮನೆಯಂಗಳದಿಂದ ತೆಗೆದ ಚಿತ್ರವಾದರೆ ಹೊರಗೆ ಬಿಡುವ ಪಟ್ಟಿಯಲ್ಲಿ ಅಕ್ಷಾಂಶ ರೇಖಾಂಶವನ್ನು ಎರಡು ದಶಾಂಶಕ್ಕೆ ನಿಲ್ಲಿಸಿ. ಅದು ಸುಮಾರು ಒಂದು ಕಿ.ಮೀ. ಉದ್ದಗಲದ ಜಾಗ ತೋರಿಸುತ್ತದೆ, ಮನೆ ತೋರಿಸುವುದಿಲ್ಲ. ಎತ್ತರದ ಲೆಕ್ಕಕ್ಕೆ ಬೇಕಾದ ನಿಖರ ಅಂಕಿ ಗುಂಪಿನ ಒಳಗಿನ ಪಟ್ಟಿಯಲ್ಲಿ ಇರಲಿ.

ದೊಡ್ಡ ಕಣಜಗಳಿಗೆ ದಾರಿ

ನಿಮ್ಮ ಚೀಟಿ, ಪಟ್ಟಿ ಸರಿಯಾದ ಮೇಲೆ ಹೊರಗಿನ ಡೇಟಾವನ್ನೂ ಅದೇ ಪಟ್ಟಿಗೆ ಸೇರಿಸಬಹುದು. ಬೆಂಗಳೂರಿನ ಹತ್ತಿರ ಬ್ಯಾಲಾಳುವಿನಲ್ಲಿ ಇಸ್ರೊದ ಬಾಹ್ಯಾಕಾಶ ವಿಜ್ಞಾನ ಡೇಟಾ ಕೇಂದ್ರ ಇದೆ. ಅದರ ‘ಪ್ರದಾನ್’ ತಾಣದಲ್ಲಿ ಹೆಸರು ನೋಂದಾಯಿಸಿದರೆ ಚಂದ್ರಯಾನ 2, ಆದಿತ್ಯ ಎಲ್1ರಂಥ ನೌಕೆಗಳ ಡೇಟಾ ಸಿಗುತ್ತದೆ. ಚಂದ್ರಯಾನ 2ರ ಡೇಟಾ ಇರುವುದು ನಾಸಾದ ಗ್ರಹ ಡೇಟಾ ವ್ಯವಸ್ಥೆಯ ನಾಲ್ಕನೇ ಆವೃತ್ತಿಯ ರೂಪದಲ್ಲಿ. ಅದಕ್ಕೇ ಬೇರೆ ದೇಶದವರೂ ಅದನ್ನು ತಮ್ಮ ತಂತ್ರಾಂಶದಲ್ಲಿ ಸುಲಭವಾಗಿ ತೆರೆಯುತ್ತಾರೆ. ಮೋಡ, ಸಮುದ್ರದ ಡೇಟಾ ಬೇಕಾದರೆ ಅಹಮದಾಬಾದಿನಲ್ಲಿರುವ ಇಸ್ರೊದ ಡೇಟಾ ಕೇಂದ್ರ ಮಾಸ್ಡ್ಯಾಕ್. ಇನ್‌ಸ್ಯಾಟ್ 3ಡಿ ಸರಣಿಯ ಹವಾಮಾನ ಉಪಗ್ರಹಗಳ ಮೋಡದ ಚಿತ್ರಗಳನ್ನು ನಮ್ಮ ಪಟ್ಟಿಯ ಪಕ್ಕ ಇಟ್ಟು ನೋಡಿದರೆ, ಉಲ್ಕೆ ಕಡಿಮೆ ಕಂಡದ್ದು ಮೋಡದಿಂದಲೋ ಅಲ್ಲವೋ ಹೇಳಬಹುದು.

ಇಳಿಸಿಕೊಂಡಿದ್ದನ್ನೆಲ್ಲ ತುಂಬಿಡಬೇಡಿ. ಅವರ ಕಣಜ ಅವರ ಹತ್ತಿರ ಭದ್ರವಾಗೇ ಇದೆ. ಫೈಲಿನ ಹೆಸರು, ಆವೃತ್ತಿ, ನೀವು ಇಳಿಸಿಕೊಂಡ ತಾರೀಕು, ಇಷ್ಟು ಬರೆದಿಟ್ಟರೆ ಮತ್ತೆ ತರಬಹುದು. ಆವೃತ್ತಿ ಮುಖ್ಯ. ಅವರು ಲೆಕ್ಕ ತಿದ್ದಿ ಹೊಸದು ಬಿಟ್ಟಾಗ ನಿಮ್ಮ ಫಲವೂ ಬದಲಾಗಬಹುದು.

ಮೊದಲ ಪರೀಕ್ಷೆ

ಯೋಜನೆಯನ್ನು ಒಂದು ರಾತ್ರಿಯ ಮೇಲೆ ಪರೀಕ್ಷಿಸಿ. 2026ರ ಡಿಸೆಂಬರ್ 9ಕ್ಕೆ ಅಮಾವಾಸ್ಯೆ. 13, 14ರ ರಾತ್ರಿ ಚಂದ್ರ ಬೇಗ ಮುಳುಗುತ್ತಾನೆ, ನಡುರಾತ್ರಿಯ ಮೇಲೆ ಆಕಾಶ ಕತ್ತಲಾಗಿರುತ್ತದೆ. ಜೆಮಿನಿಡ್‌ಗಳು ಪುನರ್ವಸು ನಕ್ಷತ್ರಗಳ ಕಡೆಯಿಂದ ಚಿಮ್ಮಿದಂತೆ ಕಾಣುತ್ತವೆ. ಆ ಭಾಗ ರಾತ್ರಿ ಎರಡರ ಹೊತ್ತಿಗೆ ನೆತ್ತಿಯ ಹತ್ತಿರ ಬರುತ್ತದೆ.

ಎರಡೇ ಊರು ಸಾಕು. ಶಿರಸಿಯ ಕ್ಯಾಮೆರಾ ಪಶ್ಚಿಮಕ್ಕೆ, ಕಾರವಾರದ್ದು ಪೂರ್ವಕ್ಕೆ, ಎರಡೂ 60 ಡಿಗ್ರಿ ಮೇಲಕ್ಕೆ. ಆಗ ಎರಡೂ ನೋಡುವುದು ಅಂಕೋಲಾದ ಪೂರ್ವಕ್ಕಿರುವ ಕಾಡಿನ ಮೇಲಿನ ಒಂದೇ ಆಕಾಶವನ್ನು. ಗಡಿಯಾರದ ಫೋಟೋ ಮರೆಯಬೇಡಿ. ಮಾರನೇ ದಿನ ನಿದ್ದೆ ಮಾಡುವ ಮೊದಲು ಚೀಟಿ ತುಂಬಿ. ನಾಲ್ಕು ದಿನ ಬಿಟ್ಟು ತುಂಬಿದ ಚೀಟಿಯಲ್ಲಿ ಊಹೆ ಸೇರಿರುತ್ತದೆ.

ಆಮೇಲೆ ಆ ರಾತ್ರಿ ಎರಡೂ ಕಡೆ ಇಲ್ಲದಿದ್ದ ಒಬ್ಬರನ್ನು ಕರೆಯಿರಿ. ಪಿಯುಸಿ ಓದುವ ಹುಡುಗಿಯಾದರೂ ಸರಿ. ಅವಳಿಗೆ ಪಟ್ಟಿ ಕೊಡಿ, ಬಾಯಿಮಾತಿನ ಸಹಾಯ ಏನೂ ಬೇಡ. ಅವಳು ಎರಡೂ ಊರಿನಲ್ಲಿ ಸಿಕ್ಕ ಒಂದು ಉಲ್ಕೆಯನ್ನು ಪಟ್ಟಿಯಿಂದಲೇ ಹುಡುಕಿ, ಫೈಲ್ ತರಿಸಿಕೊಂಡು, ಎತ್ತರ ಲೆಕ್ಕ ಹಾಕಬೇಕು. ಎಲ್ಲಿ ಅವಳು ನಿಂತು ನಿಮ್ಮನ್ನು ಕೇಳುತ್ತಾಳೋ ಅಲ್ಲಿ ಚೀಟಿಯಲ್ಲಿ ಒಂದು ಸಾಲು ಕಡಿಮೆ ಇದೆ. ಅದನ್ನು ಸೇರಿಸಿ, ಎಲ್ಲ ಊರಿಗೂ ತಿಳಿಸಿ, ಮುಂದಿನ ರಾತ್ರಿಗೆ ಕ್ಯಾಮೆರಾ ಒರೆಸಿಡಿ.